ತೂಕದ ಕೋಣೆಗೆ ತಲುಪದ ಜಾಲ
ಆವರಣದ ಹೊರಕಟ್ಟಡಕ್ಕೆ ಎಳೆದ ಉದ್ದನೆಯ ಕೇಬಲ್‌ನ ದೋಷ ಪತ್ತೆ ಮತ್ತು ಪರಿಹಾರ

ನವೆಂಬರ್ ತಿಂಗಳು ಬಂತೆಂದರೆ ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಅಕ್ಕಿ ಗಿರಣಿಗಳ ಮುಂದೆ ಭತ್ತದ ಲಾರಿ, ಟ್ರ್ಯಾಕ್ಟರುಗಳ ಸಾಲು ಬೆಳೆಯತೊಡಗುತ್ತದೆ. ಪ್ರತಿಯೊಂದು ವಾಹನವೂ ವೇ ಬ್ರಿಡ್ಜ್ ಮೇಲೆ ಎರಡು ಬಾರಿ ನಿಲ್ಲಬೇಕು: ಒಮ್ಮೆ ಸರಕಿನೊಡನೆ, ಮತ್ತೊಮ್ಮೆ ಬರಿದಾಗಿ. ಎರಡು ತೂಕಗಳ ವ್ಯತ್ಯಾಸವೇ ಮಾರಿದವನಿಗೆ ಸಂದಾಯವಾಗಬೇಕಾದ ಹಣಕ್ಕೆ ಆಧಾರ. ವೇ ಬ್ರಿಡ್ಜ್ ಇರುವುದು ಗೇಟಿನ ಬಳಿ. ಲೆಕ್ಕ ಬರೆಯುವ ಕಚೇರಿ ಇರುವುದು ಆವರಣದ ಹಿಂಬದಿಯಲ್ಲಿ, ಗೋದಾಮು ಮತ್ತು ಒಣಗಿಸುವ ಕಣಗಳ ಆಚೆ. ಇವೆರಡನ್ನೂ ಜೋಡಿಸುವುದು ಒಂದು ನೀಲಿ ಅಥವಾ ಬೂದು ಬಣ್ಣದ ಕೇಬಲ್. ಅದನ್ನು ಯಾರು, ಯಾವಾಗ, ಯಾವ ದಾರಿಯಲ್ಲಿ ಎಳೆದರೆಂಬುದು ಬಹುಪಾಲು ಮಾಲೀಕರಿಗೆ ನೆನಪಿರುವುದಿಲ್ಲ.

ಈ ಲೇಖನದ ವಿವರಣೆಗೆ ಅಂಥ ಒಂದು ಗಿರಣಿಯನ್ನೇ ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ. ಬೆಳಿಗ್ಗೆ ಎಲ್ಲವೂ ಸುಸೂತ್ರ. ಮಧ್ಯಾಹ್ನ ಒಂದೂವರೆ, ಎರಡು ಗಂಟೆಯಾಗುತ್ತಲೇ ತೂಕದ ಕೋಣೆಯ ಗಣಕಯಂತ್ರ ಕಚೇರಿಯ ಯಂತ್ರವನ್ನು ಕಾಣದಂತಾಗುತ್ತದೆ. ಕಂಡರೂ ಒಂದು ತೂಕದ ಚೀಟಿ ದಾಖಲಾಗಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಆಗ ಗುಮಾಸ್ತರು ತೂಕವನ್ನು ಕಾಗದದ ಮೇಲೆ ಬರೆದು ಹುಡುಗನೊಬ್ಬನ ಕೈಯಲ್ಲಿ ಕಚೇರಿಗೆ ಅಟ್ಟುತ್ತಾರೆ. ಕೈಬರಹದ 3 ಎಂಬುದು 8 ಆಗಿ ಓದಲ್ಪಟ್ಟರೆ ಐದು ಕ್ವಿಂಟಲ್ ಭತ್ತದ ಹಣಕ್ಕಾಗಿ ಸಂಜೆಯವರೆಗೆ ಮಾತಿನ ಚಕಮಕಿ. ಇದರ ಪರಿಹಾರಕ್ಕೆಂದು ಎರಡು ಬಾರಿ ಸ್ವಿಚ್ ಬದಲಾಯಿಸಿಯಾಯಿತು, ಒಮ್ಮೆ ಗಣಕಯಂತ್ರವನ್ನು ಫಾರ್ಮ್ಯಾಟ್ ಮಾಡಿಸಿಯಾಯಿತು, ವೈರಸ್ ನಿರೋಧಕ ತಂತ್ರಾಂಶವನ್ನೂ ಬದಲಿಸಿಯಾಯಿತು. ದೋಷ ಮಾತ್ರ ಇದ್ದಲ್ಲೇ ಇದೆ.

ಹಿಂದೆ ಇದು ಕೇವಲ ಕಿರಿಕಿರಿಯ ಸಂಗತಿಯಾಗಿತ್ತು. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾದ ಮೇಲೆ, ಹಾಗೂ 2023ರ ಆಗಸ್ಟ್ 1ರಿಂದ ವಾರ್ಷಿಕ 5 ಕೋಟಿ ರೂಪಾಯಿ ಮೀರಿದ ವಹಿವಾಟಿನ ಸಂಸ್ಥೆಗಳಿಗೂ ಇ-ಇನ್‌ವಾಯ್ಸ್ ಅನ್ವಯವಾದ ಮೇಲೆ ಚಿತ್ರ ಬದಲಾಗಿದೆ. ತೆರಿಗೆಗೆ ಒಳಪಟ್ಟ ಸರಕು ಹೊತ್ತ ಲಾರಿಯ ತೂಕ ಮತ್ತು ಸಂಖ್ಯೆ ಗೇಟಿನಿಂದ ಕಚೇರಿಗೆ ತಲುಪದೆ ದಾಖಲೆ ಸಿದ್ಧವಾಗದು, ದಾಖಲೆ ಇಲ್ಲದೆ ಲಾರಿ ಹೊರಡುವಂತಿಲ್ಲ. ಇನ್ನೊಂದು ಅಪಾಯವೂ ಇದೆ. ಲೆಕ್ಕಪತ್ರದ ಕಡತಗಳನ್ನು ಕಚೇರಿಯ ಯಂತ್ರದಲ್ಲಿಟ್ಟು ಗೇಟಿನಿಂದಲೇ ನೇರವಾಗಿ ತೆರೆದು ಬರೆಯುವ ಪದ್ಧತಿ ಇದ್ದಲ್ಲಿ, ಬರೆಯುತ್ತಿರುವ ಗಳಿಗೆಯಲ್ಲೇ ಸಂಪರ್ಕ ಕಡಿದರೆ ಕಡತವೇ ಕೆಡಬಹುದು. ದಿನಕ್ಕೊಮ್ಮೆ ಬ್ಯಾಕಪ್ ತೆಗೆಯುವ ಅಭ್ಯಾಸವಿಲ್ಲದ ಸಂಸ್ಥೆಗೆ ಇದರಿಂದಾಗುವ ನಷ್ಟ ಸಣ್ಣದಲ್ಲ.

ದೋಷದ ಚರಿತ್ರೆ

ವೈದ್ಯರು ರೋಗಿಯನ್ನು ಮುಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳುವಂತೆ, ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಂದು ವಾರ ನೋಟ್ ಪುಸ್ತಕ ಹಿಡಿಯುವುದು ಲೇಸು. ಸಂಪರ್ಕ ಯಾವ ಗಂಟೆಗೆ ಕಡಿಯಿತು, ಆಗ ಯಾವ ಯಂತ್ರ ಓಡುತ್ತಿತ್ತು, ಹಿಂದಿನ ರಾತ್ರಿ ಮಳೆ ಬಂದಿತ್ತೇ, ವಿದ್ಯುತ್ ಹೋಗಿ ಬಂದಿತ್ತೇ ಎಂಬ ನಾಲ್ಕು ಕಾಲಂ ಸಾಕು. ಬಿಸಿಲೇರಿದಾಗ ಮಾತ್ರ ಕಾಣುವ ದೋಷಕ್ಕೂ, ಮಳೆ ಬಂದು ಮೂರು ದಿನ ಉಳಿಯುವ ದೋಷಕ್ಕೂ, ಎಲಿವೇಟರ್ ಮೋಟರು ಎದ್ದಾಗ ಒಂದೆರಡು ಕ್ಷಣ ಕಾಣುವ ದೋಷಕ್ಕೂ ಕಾರಣಗಳು ಬೇರೆ ಬೇರೆ. ಮಾದರಿ ಗಿರಣಿಯಲ್ಲಿ ಯಂತ್ರಗಳು ಬೆಳಿಗ್ಗೆ ಆರು ಗಂಟೆಗೇ ಚಾಲೂ ಆಗುತ್ತವೆ, ಆದರೆ ದೋಷ ಮಧ್ಯಾಹ್ನವೇ ಬರುತ್ತದೆ. ಆದ್ದರಿಂದ ಮೋಟರುಗಳ ಮೇಲಿನ ಅನುಮಾನ ಹಿಂದೆ ಸರಿಯಿತು, ಬಿಸಿಲಿನ ಮೇಲಿನದು ಮುಂದೆ ಬಂತು. ಇಷ್ಟನ್ನು ಕಂಡುಕೊಳ್ಳಲು ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಎರಡನೆಯ ಹೆಜ್ಜೆ ದೋಷವನ್ನು ಬೇರ್ಪಡಿಸುವುದು. ತೂಕದ ಕೋಣೆಯ ಗಣಕಯಂತ್ರವನ್ನೇ ಹೊತ್ತು ತಂದು ಕಚೇರಿಯ ಸ್ವಿಚ್‌ಗೆ ಎರಡು ಮೀಟರಿನ ಸಿದ್ಧ ಕೇಬಲ್‌ನಿಂದ ಜೋಡಿಸಿ, ದೋಷ ಬರುವ ಹೊತ್ತಿನಲ್ಲೇ ಒಂದು ಗಂಟೆ ಕೆಲಸ ಮಾಡಿಸಿ ನೋಡಬೇಕು. ಅಲ್ಲಿ ಸರಿಯಾಗಿ ನಡೆದರೆ ಯಂತ್ರ, ತಂತ್ರಾಂಶ, ಸ್ವಿಚ್ ಮೂರೂ ನಿರ್ದೋಷಿಗಳು. ಉಳಿದದ್ದು ನಡುವಿನ ತಂತಿ. ಈ ಒಂದು ಪರೀಕ್ಷೆಯನ್ನು ಮೊದಲ ದಿನವೇ ಮಾಡಿದ್ದರೆ ಎರಡು ಸ್ವಿಚ್‌ಗಳ ಹಣ ಉಳಿಯುತ್ತಿತ್ತು. ಸರ್ವೀಸಿಗೆ ಬಂದವರು ಇದನ್ನು ತಾವಾಗಿ ಮಾಡುವುದು ಅಪರೂಪ. ಬದಲಿ ಸ್ವಿಚ್ ಚೀಲದಲ್ಲೇ ಇರುತ್ತದೆ, ನೂರು ಮೀಟರು ದೂರದ ಯಂತ್ರವನ್ನು ಹೊತ್ತು ತರುವುದು ಬೆವರಿನ ಕೆಲಸ.

ಮೂರನೆಯದಾಗಿ ಪಿಂಗ್ ಪರೀಕ್ಷೆ. ಸಾಮಾನ್ಯವಾಗಿ ಪಿಂಗ್ ಆಜ್ಞೆ ಕೊಟ್ಟು ನಾಲ್ಕು ಉತ್ತರ ಬಂದೊಡನೆ ‘ಲೈನ್ ಚೆನ್ನಾಗಿದೆ’ ಎಂದು ತೀರ್ಮಾನಿಸಲಾಗುತ್ತದೆ. ಆದರೆ ವಿಂಡೋಸ್ ತಾನಾಗಿ ಕಳಿಸುವ ಪಿಂಗ್ ಕೇವಲ 32 ಬೈಟ್‌ನದು. ಒಂದು ಲಕ್ಷ ಬಿಟ್‌ಗಳಲ್ಲಿ ಒಂದು ಕೆಡುವಷ್ಟು ದುರ್ಬಲವಾದ ಲೈನಿನಲ್ಲಿಯೂ ಇಂಥ ಸಣ್ಣ ಪೊಟ್ಟಣಗಳು ಹೋಗಿ ಬರುವಾಗ ನೂರಕ್ಕೆ ಒಂದರಷ್ಟು ಮಾತ್ರ ಕಳೆದುಹೋಗುತ್ತವೆ. ಅದೇ ಲೈನಿನಲ್ಲಿ 1400 ಬೈಟ್‌ನ ಪೊಟ್ಟಣಗಳನ್ನು ಕಳಿಸಿದರೆ ನೂರಕ್ಕೆ ಸುಮಾರು ಇಪ್ಪತ್ತು ಹಿಂತಿರುಗುವುದಿಲ್ಲ. ಹೀಗಾಗಿ ಪಿಂಗ್ ಆಜ್ಞೆಯ ಕೊನೆಗೆ ‘-ಎನ್ 200 -ಎಲ್ 1400’ ಎಂಬ ಅರ್ಥದ ಸೂಚನೆಗಳನ್ನು ಆಯಾ ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ, ಇನ್ನೂರು ದೊಡ್ಡ ಪೊಟ್ಟಣಗಳನ್ನು ಕಳಿಸಿ ನೋಡತಕ್ಕದ್ದು. ಆರೋಗ್ಯವಂತ ತಂತಿಯಲ್ಲಿ ಇನ್ನೂರಕ್ಕೆ ಇನ್ನೂರೂ ಬರಬೇಕು. ಐದು ಕಳೆದರೂ ತಂತಿಯಲ್ಲಿ ಏನೋ ಇದೆ ಎಂದೇ ತಿಳಿಯಬೇಕು, ಏಕೆಂದರೆ ಕಡತ ಸಾಗಿಸುವ ವ್ಯವಸ್ಥೆ ಪೊಟ್ಟಣ ಕಳೆದಾಗಲೆಲ್ಲ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಎರಡು ಪ್ರತಿಶತ ನಷ್ಟವೂ ಕೆಲಸವನ್ನು ಆಮೆಯ ನಡಿಗೆಗೆ ಇಳಿಸಬಲ್ಲದು.

ನೂರು ಮೀಟರಿನ ಲೆಕ್ಕ

ತಾಮ್ರದ ಜೋಡಿ ತಂತಿಯ ಈಥರ್ನೆಟ್‌ಗೆ ಮಾನಕಗಳು ನಿಗದಿಪಡಿಸಿರುವ ಗರಿಷ್ಠ ದೂರ 100 ಮೀಟರು. ಅದರಲ್ಲಿ 90 ಮೀಟರು ಗೋಡೆ, ಪೈಪುಗಳ ಒಳಗೆ ಶಾಶ್ವತವಾಗಿ ಕೂರುವ ಗಟ್ಟಿ ತಂತಿಯ ಕೇಬಲ್; ಉಳಿದ 10 ಮೀಟರು ಎರಡೂ ತುದಿಗಳ ಮೆದು ಪ್ಯಾಚ್ ಕೇಬಲ್‌ಗಳಿಗೆ ಮೀಸಲು. ಸೆಕೆಂಡಿಗೆ 10 ಮೆಗಾಬಿಟ್‌ನ 1990ರ ಮಾನಕ, 100 ಮೆಗಾಬಿಟ್‌ನ 1995ರ ಮಾನಕ, ಗಿಗಾಬಿಟ್‌ನ 1999ರ ಮಾನಕ ಮೂರಕ್ಕೂ ಇದೇ ದೂರ. 101ನೆಯ ಮೀಟರಿಗೆ ಸಂಪರ್ಕ ಕಡಿಯುತ್ತದೆಂದು ಇದರ ಅರ್ಥವಲ್ಲ. 120 ಮೀಟರಿನಲ್ಲಿ ಚೆನ್ನಾಗಿ ನಡೆಯುತ್ತಿರುವ ಲೈನುಗಳು ಬೇಕಾದಷ್ಟಿವೆ. ಆದರೆ ಆ ಲೈನಿಗೆ ಸಹಿಸುವ ಶಕ್ತಿ ಉಳಿದಿರುವುದಿಲ್ಲ. ಬಿಸಿಲು, ಧೂಳು, ಸಡಿಲವಾದ ಒಂದು ಪ್ಲಗ್, ಇವುಗಳಲ್ಲಿ ಯಾವುದೊಂದು ಸೇರಿಕೊಂಡರೂ ತಕ್ಕಡಿ ವಾಲುತ್ತದೆ. ಕೇಬಲ್ ಎಳೆದವರು ‘ಎರಡು ವರ್ಷ ಚೆನ್ನಾಗಿಯೇ ಇತ್ತಲ್ಲ’ ಎನ್ನುವುದು ಇದೇ ಕಾರಣಕ್ಕೆ, ಮತ್ತು ಅದು ಸುಳ್ಳೂ ಅಲ್ಲ.

ಕಾರಣ ಇಷ್ಟೇ. ಕ್ಯಾಟ್ 5ಇ ದರ್ಜೆಯ ಕೇಬಲ್‌ಗೆ 100 ಮೀಟರಿನಲ್ಲಿ 100 ಮೆಗಾಹರ್ಟ್ಸ್ ಆವರ್ತದ ಸಂಕೇತವು 22 ಡೆಸಿಬಲ್‌ನಷ್ಟು ಕ್ಷೀಣಿಸಲು ಅವಕಾಶವಿದೆ. ಅಂದರೆ ಕಳಿಸಿದ ವೋಲ್ಟೇಜಿನ ಹನ್ನೆರಡರಲ್ಲಿ ಸುಮಾರು ಒಂದು ಪಾಲು ಮಾತ್ರ ಆಚೆ ತುದಿಗೆ ತಲುಪುತ್ತದೆ. ಅದೇ ಕೇಬಲ್‌ನಲ್ಲಿ 10 ಮೆಗಾಹರ್ಟ್ಸ್ ಸಂಕೇತದ ನಷ್ಟ 6.5 ಡೆಸಿಬಲ್ ಮಾತ್ರ. ಈ ಅಂತರವನ್ನು ನೆನಪಿನಲ್ಲಿಟ್ಟುಕೊಂಡರೆ ತಾತ್ಕಾಲಿಕ ಪರಿಹಾರವೊಂದು ತಾನಾಗಿ ಹೊಳೆಯುತ್ತದೆ. ಅದನ್ನು ಮುಂದೆ ಹೇಳಿದೆ.

ನಿಜವಾದ ಉದ್ದವನ್ನು ತಿಳಿಯುವುದು ಹೇಗೆ? ಆವರಣದ ನಕ್ಷೆಯನ್ನಾಗಲಿ, ಹೆಜ್ಜೆ ಎಣಿಸಿ ಬಂದ ಲೆಕ್ಕವನ್ನಾಗಲಿ ನಂಬುವಂತಿಲ್ಲ. ಕೇಬಲ್ ಗೋಡೆ ಹತ್ತುತ್ತದೆ, ಮಾಡಿನ ಅಂಚಿನಗುಂಟ ಸುತ್ತುತ್ತದೆ, ‘ಮುಂದೆ ಬೇಕಾಗಬಹುದು’ ಎಂದು ಎರಡೂ ತುದಿಗಳಲ್ಲಿ ಸುರುಳಿಯಾಗಿ ಉಳಿಯುತ್ತದೆ. ಅದೃಷ್ಟವಶಾತ್ ಒಳ್ಳೆಯ ಕೇಬಲ್‌ಗಳ ಹೊರಕವಚದ ಮೇಲೆ ಪ್ರತಿ ಮೀಟರಿಗೂ ಅಥವಾ ಪ್ರತಿ ಅಡಿಗೂ ಒಂದು ಅಂಕೆ ಅಚ್ಚಾಗಿರುತ್ತದೆ. ಕಚೇರಿಯ ತುದಿಯಲ್ಲಿ 212, ಗೇಟಿನ ತುದಿಯಲ್ಲಿ 088 ಎಂದಿದ್ದರೆ ಉದ್ದ 124 ಮೀಟರು. ಮಾದರಿ ಗಿರಣಿಯಲ್ಲಿ ಎಲ್ಲರೂ ‘ಎಂಬತ್ತೈದು ಮೀಟರು’ ಎಂದು ನಂಬಿಕೊಂಡಿದ್ದ ಲೈನಿನ ನಿಜವಾದ ಉದ್ದ ಇದು. ಎರಡೂ ತುದಿಗಳ ಅಂಕೆಗಳು ಒಂದಕ್ಕೊಂದು ಹೊಂದದೆ, ವ್ಯತ್ಯಾಸ ಅಸಂಭವವೆನಿಸುವಷ್ಟು ಹೆಚ್ಚೋ ಕಡಿಮೆಯೋ ಆಗಿದ್ದರೆ ನಡುವೆ ಎಲ್ಲೋ ಎರಡು ತುಂಡುಗಳನ್ನು ಸೇರಿಸಿ ಟೇಪು ಸುತ್ತಲಾಗಿದೆ ಎಂದೇ ಶಂಕಿಸಬೇಕು. ಅಂಥ ಗಂಟು ಸಾಮಾನ್ಯವಾಗಿ ಯಾರ ಕೈಗೂ ಎಟುಕದ ಕಡೆಯೇ ಇರುತ್ತದೆ.

ತಾಮ್ರವೋ, ತಾಮ್ರದ ಲೇಪವೋ

ಉದ್ದದ ನಂತರ ನೋಡಬೇಕಾದದ್ದು ಲೋಹ. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ದೊರೆಯುವ ಅನೇಕ ಕೇಬಲ್‌ಗಳ ಒಳಗಿರುವುದು ಶುದ್ಧ ತಾಮ್ರವಲ್ಲ. ಮೇಲೆ ತಾಮ್ರ ಹೊದಿಸಿದ ಅಲ್ಯೂಮಿನಿಯಂ. ವ್ಯಾಪಾರದಲ್ಲಿ ಇದಕ್ಕೆ ಸಿಸಿಎ ಎಂಬ ಹೆಸರಿದೆ. ಜಾಲದ ಕೇಬಲ್‌ಗಳ ಮಾನಕಗಳು ತಾಮ್ರವನ್ನೇ ಬಯಸುತ್ತವೆ, ಸಿಸಿಎಯನ್ನು ಒಪ್ಪುವುದಿಲ್ಲ. ಇಪ್ಪತ್ತು ಮೀಟರಿನ ಕಚೇರಿಯೊಳಗೆ ಇದರ ದೋಷ ಗೊತ್ತಾಗದೇ ಇರಬಹುದು. ದೂರ ಹೆಚ್ಚಿದಂತೆ ಬಣ್ಣ ಬಯಲಾಗುತ್ತದೆ. ಅಲ್ಯೂಮಿನಿಯಂ ತಾಮ್ರಕ್ಕಿಂತ ಹೆಚ್ಚು ಪ್ರತಿರೋಧ ಒಡ್ಡುತ್ತದೆ, ಬಾಗಿಸಿದಲ್ಲಿ ಬೇಗ ಮುರಿಯುತ್ತದೆ, ಪ್ಲಗ್‌ನ ಹಲ್ಲು ಚುಚ್ಚಿದ ಜಾಗದಲ್ಲಿ ತೇವ ತಗುಲಿದರೆ ಕಿಲುಬು ಹಿಡಿಯುತ್ತದೆ.

ಪತ್ತೆ ಹಚ್ಚಲು ಎರಡು ಉಪಾಯಗಳಿವೆ. ಒಂದು, ತುಂಡೊಂದರ ಮೇಲ್ಮೈಯನ್ನು ಬ್ಲೇಡಿನಿಂದ ಕೆರೆಯುವುದು. ತಾಮ್ರದ ಕೆಂಪು ಹೋಗಿ ಬೆಳ್ಳಿಯ ಬಿಳುಪು ಕಂಡರೆ ಸಿಸಿಎ. ಇನ್ನೊಂದು, ಯಾವುದೇ ವಿದ್ಯುತ್ ಕೆಲಸಗಾರರ ಬಳಿ ಇರುವ ಮಲ್ಟಿಮೀಟರ್ ಬಳಸುವುದು. ಕೇಬಲ್‌ನ ಎರಡೂ ತುದಿಗಳನ್ನು ಸಲಕರಣೆಗಳಿಂದ ಬಿಡಿಸಿ, ಗೇಟಿನ ತುದಿಯಲ್ಲಿ ಒಂದು ಜೋಡಿಯ ಎರಡು ತಂತಿಗಳನ್ನು ಪರಸ್ಪರ ಹೊಸೆದು, ಕಚೇರಿಯ ತುದಿಯಲ್ಲಿ ಅದೇ ಜೋಡಿಯ ಪ್ರತಿರೋಧವನ್ನು ಅಳೆಯಬೇಕು. 24 ಗೇಜಿನ ತಾಮ್ರವಾದರೆ ಹೋಗಿ ಬರುವ ದಾರಿ ಸೇರಿ ಪ್ರತಿ 100 ಮೀಟರಿಗೆ ಸುಮಾರು 17ರಿಂದ 19 ಓಂ ತೋರಬೇಕು. ಅಂದರೆ 124 ಮೀಟರಿಗೆ 21ರಿಂದ 23 ಓಂ. ಸಿಸಿಎ ಆದರೆ ಇದರ ಒಂದೂವರೆ ಪಟ್ಟು. ಮಾದರಿ ಗಿರಣಿಯ ಮೀಟರು 34 ಓಂ ತೋರಿಸಿದೊಡನೆ ಮುಂದಿನ ಚರ್ಚೆಗೆ ಅರ್ಧ ತೆರೆ ಬಿತ್ತು. ನಾಲ್ಕೂ ಜೋಡಿಗಳನ್ನು ಹೀಗೆ ಅಳೆದು ಬರೆದಿಡುವುದು ಒಳಿತು. ಮೂರು ಜೋಡಿಗಳು ಹೊಂದಿಕೊಂಡು ಒಂದು ಮಾತ್ರ ಹೆಚ್ಚು ತೋರಿಸಿದರೆ ಆ ಜೋಡಿಯ ಗಂಟಿನಲ್ಲೋ ಪ್ಲಗ್‌ನಲ್ಲೋ ದೋಷವಿದೆ.

ಅದೇ ಕೇಬಲ್‌ನ ಮೂಲಕ ಗೇಟಿನ ಕ್ಯಾಮೆರಾಗೆ ವಿದ್ಯುತ್ತನ್ನೂ ಕಳಿಸುವ ವ್ಯವಸ್ಥೆ ಇರುವಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ: ಹಗಲಿಡೀ ನಡೆಯುವ ಕ್ಯಾಮೆರಾ ಕತ್ತಲಾಗುತ್ತಲೇ ನಿಂತು ನಿಂತು ಏಳತೊಡಗುತ್ತದೆ. ಕತ್ತಲಲ್ಲಿ ಅದರ ಅತಿಗೆಂಪು ದೀಪಗಳು ಹತ್ತಿಕೊಂಡು ಹೆಚ್ಚು ವಿದ್ಯುತ್ ಎಳೆಯುತ್ತವೆ, ಹೆಚ್ಚಿನ ಪ್ರತಿರೋಧದ ತಂತಿಯಲ್ಲಿ ವೋಲ್ಟೇಜು ಕುಸಿಯುತ್ತದೆ. ಕಳ್ಳರ ಭಯಕ್ಕೆಂದು ಹಾಕಿಸಿದ ಕ್ಯಾಮೆರಾ ರಾತ್ರಿಯೇ ಕುರುಡಾದರೆ ಪ್ರಯೋಜನವೇನು! ಇಂಥಲ್ಲಿಯೂ ಕ್ಯಾಮೆರಾ ಬದಲಾಯಿಸುವ ಮೊದಲು ತಂತಿಯನ್ನು ಅಳೆಯಬೇಕು.

ಎಂಟು ತಂತಿಗಳ ಸಂಸಾರ

ಕೇಬಲ್‌ನ ಎಂಟು ತಂತಿಗಳು ಎಂಟು ಬಿಡಿ ತಂತಿಗಳಲ್ಲ, ಹೊಸೆದ ನಾಲ್ಕು ಜೋಡಿಗಳು. ಹೊಸೆತವೇ ಪಕ್ಕದ ಜೋಡಿಯ ಗದ್ದಲವನ್ನು ಹೊರಗಿಡುತ್ತದೆ. ಪ್ಲಗ್‌ನಲ್ಲಿ ತಂತಿಗಳು ಕೂರಬೇಕಾದ ಬಳಕೆಯ ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ 3 ಮತ್ತು 6ನೆಯ ಜಾಗದಲ್ಲಿ, ನಡುವೆ ನೀಲಿಯನ್ನು ಇಟ್ಟುಕೊಂಡು ಕೂರುವುದನ್ನು ಗಮನಿಸಬೇಕು. ಕ್ರಮ ಅರಿಯದವರು ಜೋಡಿ ಜೋಡಿಯಾಗಿ ಸಾಲಾಗಿ ಕೂರಿಸಿಬಿಡುತ್ತಾರೆ. ಎರಡೂ ತುದಿಗಳಲ್ಲಿ ಒಂದೇ ತಪ್ಪು ಆದುದರಿಂದ ಎಂಟು ದೀಪಗಳ ಅಗ್ಗದ ಪರೀಕ್ಷಕವು ಒಂದರಿಂದ ಎಂಟರವರೆಗೆ ಕ್ರಮವಾಗಿ ಹಸಿರು ತೋರಿಸುತ್ತದೆ. ಆದರೆ ಒಂದೇ ಸಂಕೇತದ ಎರಡು ತಂತಿಗಳು ಬೇರೆ ಬೇರೆ ಹೊಸೆತಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಐದು ಮೀಟರಿನಲ್ಲಿ ಇದು ನಡೆಯುತ್ತದೆ, ಎಂಬತ್ತು ಮೀಟರಿನಲ್ಲಿ ನಡೆಯುವುದಿಲ್ಲ. ಪ್ಲಗ್ ಕಿತ್ತು ಬಣ್ಣಗಳನ್ನು ಕಣ್ಣಾರೆ ನೋಡುವುದೇ ಇದಕ್ಕೆ ಖಚಿತ ಪರೀಕ್ಷೆ. ಪ್ಲಗ್ ಕೂರಿಸುವಾಗ ಹೊಸೆತವನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದೆಂಬ ನಿಯಮವೂ ಇದೆ. ಎರಡು ಇಂಚು ಬಿಚ್ಚಿ ನೇರ ಮಾಡಿ ಕೂರಿಸಿದ ಪ್ಲಗ್‌ಗಳು ಬೇಕಾದಷ್ಟು ಸಿಗುತ್ತವೆ.

100 ಮೆಗಾಬಿಟ್ ವೇಗಕ್ಕೆ ಕಿತ್ತಳೆ ಮತ್ತು ಹಸಿರು ಎರಡೇ ಜೋಡಿಗಳು ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು, ಮತ್ತು ಪ್ರತಿ ಜೋಡಿಯಲ್ಲೂ ಏಕಕಾಲಕ್ಕೆ ಎರಡೂ ದಿಕ್ಕಿನ ಸಂಕೇತ ಹರಿಯುತ್ತದೆ. ಆದುದರಿಂದ ಹಳೆಯ 100 ಮೆಗಾಬಿಟ್ ಸ್ವಿಚ್ ತೆಗೆದು ಹೊಸ ಗಿಗಾಬಿಟ್ ಸ್ವಿಚ್ ಹಾಕಿದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ಸ್ವಿಚ್ಚನ್ನು ದೂಷಿಸುವಂತಿಲ್ಲ. ನೀಲಿ ಅಥವಾ ಕಂದು ಜೋಡಿಯಲ್ಲಿ ಮೊದಲೇ ಇದ್ದ ಮುರುಕು ಈಗ ಬೆಳಕಿಗೆ ಬಂದಿದೆ ಅಷ್ಟೆ. ಗಣಕಯಂತ್ರದಲ್ಲಿ ಸಂಪರ್ಕದ ವಿವರ ತೆರೆದರೆ ವೇಗ ಎಷ್ಟೆಂದು ಕಾಣುತ್ತದೆ. ಬೆಳಿಗ್ಗೆ ಒಂದು ಗಿಗಾಬಿಟ್ ಇದ್ದದ್ದು ಮಧ್ಯಾಹ್ನ 100 ಮೆಗಾಬಿಟ್‌ಗೆ ಇಳಿದಿದ್ದರೆ ಅದೂ ಒಂದು ಸಾಕ್ಷ್ಯ.

ವೇಗದ ಬಗ್ಗೆ ಹೇಳುವಾಗ ಡ್ಯೂಪ್ಲೆಕ್ಸ್ ಹೊಂದಾಣಿಕೆಯನ್ನೂ ಮರೆಯಬಾರದು. ಒಂದು ತುದಿಯಲ್ಲಿ ಯಾರೋ ‘100 ಫುಲ್’ ಎಂದು ಕೈಯಾರೆ ನಿಗದಿ ಮಾಡಿ, ಇನ್ನೊಂದು ತುದಿ ‘ಆಟೋ’ ಎಂದೇ ಉಳಿದರೆ, ಆಟೋ ತುದಿ ತನ್ನನ್ನು ಹಾಫ್ ಡ್ಯೂಪ್ಲೆಕ್ಸ್ ಎಂದು ತಿಳಿಯುತ್ತದೆ. ಒಬ್ಬರು ಮಾತು ಮುಗಿಯಲೆಂದು ಕಾಯುವವರು, ಇನ್ನೊಬ್ಬರು ಕಾಯದೆ ಮಾತಾಡುವವರು. ಪಿಂಗ್ ಚೆನ್ನಾಗಿ ಬರುತ್ತದೆ, ಕಡತ ಮಾತ್ರ ಸಾಗುವುದಿಲ್ಲ.

ಬಿಸಿಲು, ಮೋಟರು, ನೀರು, ಸಿಡಿಲು

ತಾಮ್ರದ ಕೇಬಲ್ ಬಿಸಿಯಾದಂತೆ ಸಂಕೇತದ ನಷ್ಟ ಹೆಚ್ಚುತ್ತದೆ. ಕವಚವಿಲ್ಲದ ಜೋಡಿ ತಂತಿಗೆ 20 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ 40ರವರೆಗೆ ಪ್ರತಿ ಡಿಗ್ರಿಗೆ 0.4 ಪ್ರತಿಶತ, ಅಲ್ಲಿಂದ 60ರವರೆಗೆ ಪ್ರತಿ ಡಿಗ್ರಿಗೆ 0.6 ಪ್ರತಿಶತ ಎಂಬ ಲೆಕ್ಕವನ್ನು ಮಾನಕಗಳು ಕೊಡುತ್ತವೆ. ಗೋದಾಮಿನ ತಗಡಿನ ಮಾಡಿಗೆ ತಾಗಿ ಹೋದ ಕೇಬಲ್ ಮಧ್ಯಾಹ್ನ 45 ಡಿಗ್ರಿ ಮುಟ್ಟಿದರೆ ನಷ್ಟ 11 ಪ್ರತಿಶತ ಏರುತ್ತದೆ. 124 ಮೀಟರಿನ ಕೇಬಲ್ 137 ಮೀಟರಿನಂತೆ ವರ್ತಿಸತೊಡಗುತ್ತದೆ. ಮಾದರಿ ಗಿರಣಿಯ ಎರಡು ಗಂಟೆಯ ದೋಷದ ಗುಟ್ಟು ಇಲ್ಲಿತ್ತು: ಮಿತಿ ಮೀರಿದ ಉದ್ದ, ಕಳಪೆ ಲೋಹ, ಮೇಲೆ ಬಿಸಿಲು. ಮೂರರಲ್ಲಿ ಯಾವುದೊಂದು ಇರದಿದ್ದರೂ ಬಹುಶಃ ಯಾರಿಗೂ ತಿಳಿಯುತ್ತಿರಲಿಲ್ಲ.

ಮೂರು ಫೇಸಿನ ಮೋಟರು ಕೇಬಲ್‌ಗಳ, ಅದರಲ್ಲೂ ವೇಗ ನಿಯಂತ್ರಕ ಡ್ರೈವ್‌ಗಳ ಕೇಬಲ್‌ಗಳ ಜೊತೆ ಒಂದೇ ಪೈಪಿನಲ್ಲಿ ಜಾಲದ ತಂತಿಯನ್ನು ಎಳೆಯುವುದು ನಮ್ಮಲ್ಲಿ ಸಾಮಾನ್ಯವಾದ ತಪ್ಪು. ಕನಿಷ್ಠ ಒಂದು ಅಡಿಯ ಅಂತರವಿರಬೇಕು. ದಾಟಲೇಬೇಕಾದಲ್ಲಿ ಅಡ್ಡಲಾಗಿ, ನೇರ ಕೋನದಲ್ಲಿ ದಾಟಬೇಕು. ಒಳಾಂಗಣದ ಪಿವಿಸಿ ಹೊದಿಕೆಯ ಕೇಬಲ್ ಬಿಸಿಲಿಗೆ ಬಿರುಕು ಬಿಡುತ್ತದೆ, ನೆಲದಡಿಯ ಪೈಪಿನೊಳಗೆ ನಿಂತ ನೀರನ್ನು ಹೀರುತ್ತದೆ. ಪೈಪಿನ ಬಾಯಿ ಮುಚ್ಚಿದರೆ ಸಾಕೆಂಬ ನಂಬಿಕೆ ಸರಿಯಲ್ಲ. ತೇವ ಒಳಗೇ ಹನಿಗಟ್ಟುತ್ತದೆ. ಹೊರಾಂಗಣಕ್ಕೆ ಪಾಲಿಥಿಲೀನ್ ಹೊದಿಕೆಯ, ಜೆಲ್ ತುಂಬಿದ ಕೇಬಲ್ ಬೇರೆಯೇ ಸಿಗುತ್ತದೆ. ಇನ್ನು ಭತ್ತವಿದ್ದಲ್ಲಿ ಇಲಿ, ಹೆಗ್ಗಣ ಇದ್ದೇ ಇರುತ್ತವೆ, ಅವುಗಳ ಹಲ್ಲಿಗೆ ಕೇಬಲ್‌ನ ದರ್ಜೆ ತಿಳಿಯದು.

ಗಂಭೀರವಾಗಿ ಪರಿಗಣಿಸಬೇಕಾದದ್ದು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮರುದಿನ ಕಚೇರಿಯ ಸ್ವಿಚ್, ಗೇಟಿನ ಯಂತ್ರದ ಜಾಲದ ಕಾರ್ಡ್, ಕೆಲವೊಮ್ಮೆ ವೇ ಬ್ರಿಡ್ಜ್‌ನ ಸೂಚಕವೂ ಸತ್ತುಬಿದ್ದಿರುವ ದೃಶ್ಯ ಹಲವರಿಗೆ ಪರಿಚಿತ. ಎರಡು ಕಟ್ಟಡಗಳಿಗೆ ಬೇರೆ ಬೇರೆ ಅರ್ಥಿಂಗ್ ಇದ್ದಾಗ, ಹತ್ತಿರದಲ್ಲಿ ಸಿಡಿಲು ಬಡಿದ ಕ್ಷಣದಲ್ಲಿ ಅವುಗಳ ನಡುವೆ ಸಾವಿರಾರು ವೋಲ್ಟಿನ ಅಂತರ ಏಳುತ್ತದೆ. ಅವೆರಡನ್ನೂ ಬೆಸೆಯುವ ತಾಮ್ರದ ತಂತಿಯೇ ಅದಕ್ಕೆ ದಾರಿ. ಜಾಲದ ಸಲಕರಣೆಗಳೊಳಗಿನ ಟ್ರಾನ್ಸ್‌ಫಾರ್ಮರ್‌ಗಳು 1500 ವೋಲ್ಟ್ ತಡೆಯುವಂತೆ ಇರಬೇಕೆಂಬ ನಿಯಮವಿದೆ, ಆದರೆ ಸಿಡಿಲಿಗೆ ಅದು ಬೇಲಿಯಲ್ಲ. ಕವಚವುಳ್ಳ ಕೇಬಲ್ ಹಾಕಿ ಎರಡೂ ಕಡೆ ಭೂಮಿಗೆ ಸೇರಿಸಿದರೆ ಸುರಕ್ಷಿತವೆಂದು ಕೆಲವರು ಭಾವಿಸುತ್ತಾರೆ. ಅರ್ಥಿಂಗ್ ಒಂದೇ ಮಟ್ಟದಲ್ಲಿಲ್ಲದ ಕಟ್ಟಡಗಳ ನಡುವೆ ಆ ಕವಚದಲ್ಲೇ ದಿನವಿಡೀ ವಿದ್ಯುತ್ ಹರಿಯುವ ಸಂಭವವಿದೆ.

ದಾರಿಗಳು

ಸುಗ್ಗಿಯ ನಡುವೆ ತುರ್ತಾಗಿ ಕೆಲಸ ಸಾಗಬೇಕಾದರೆ ವೇಗವನ್ನು 10 ಮೆಗಾಬಿಟ್‌ಗೆ ಇಳಿಸುವುದೊಂದು ಉಪಾಯ. ನಿಯಂತ್ರಣವಿಲ್ಲದ ಸಾದಾ ಸ್ವಿಚ್ ಆದರೆ ಗೇಟಿನ ಗಣಕಯಂತ್ರದ ಜಾಲದ ಕಾರ್ಡಿನಲ್ಲಿ ‘10 ಮೆಗಾಬಿಟ್, ಹಾಫ್ ಡ್ಯೂಪ್ಲೆಕ್ಸ್’ ಆಯ್ಕೆ ಮಾಡಿದರೆ ಸ್ವಿಚ್ ತಾನಾಗಿ ಅದಕ್ಕೆ ಹೊಂದಿಕೊಳ್ಳುತ್ತದೆ. ಒಂದು ತೂಕದ ಚೀಟಿಯ ಮಾಹಿತಿ ಕೆಲವು ನೂರು ಬೈಟ್‌ಗಳು ಮಾತ್ರ. ಅದಕ್ಕೆ ಈ ವೇಗ ಧಾರಾಳ. ಕ್ಯಾಮೆರಾಗಳಿದ್ದರೆ ಸಾಲದು. ಹೇಗೂ ಇದು ಸುಗ್ಗಿ ದಾಟಿಸುವ ಉಪಾಯವೇ ಹೊರತು ಪರಿಹಾರವಲ್ಲ.

ನಡುವಿನ ಗೋದಾಮಿನಲ್ಲಿ ಒಂದು ಸ್ವಿಚ್ ಇಟ್ಟರೆ ಅಲ್ಲಿಂದ ಮತ್ತೆ ಹೊಸ 100 ಮೀಟರು ದೊರೆಯುತ್ತದೆ. ಅಗ್ಗದ ದಾರಿ, ತಾಂತ್ರಿಕವಾಗಿ ನಿರ್ದುಷ್ಟವೂ ಹೌದು. ಆದರೆ ತೌಡಿನ ಧೂಳು, ತಗಡಿನ ಕಾವು, ಗೋದಾಮಿನ ಬೀಗದ ಕೈ ಯಾರ ಬಳಿ ಇದೆ ಎಂಬ ಪ್ರಶ್ನೆ, ಯಾರೋ ದೀಪದ ಜೊತೆ ಆರಿಸಿಬಿಡುವ ಪ್ಲಗ್, ಇವೆಲ್ಲ ಆ ಪುಟ್ಟ ಪೆಟ್ಟಿಗೆಗೆ ಶತ್ರುಗಳು. ಯುಪಿಎಸ್ ಇಲ್ಲದೆ ಇದನ್ನು ಮಾಡುವುದು ವ್ಯರ್ಥ.

ನಿಸ್ತಂತು ಮಾರ್ಗವೂ ಇದೆ. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗವನ್ನು ಕೇಂದ್ರ ಸರ್ಕಾರ ಪರವಾನಗಿಯಿಂದ ಮುಕ್ತಗೊಳಿಸಿತು. ಎರಡು ಚಾವಣಿಗಳ ಮೇಲೆ ಎದುರುಬದುರು ಕೂರುವ ಚಿಕ್ಕ ಆಂಟೆನಾಗಳು ನೂರಿನ್ನೂರು ಮೀಟರಿಗೆ ಸುಲಭವಾಗಿ ಸಾಕು. ಒಂದನ್ನೊಂದು ಅವು ಕಾಣುವಂತಿರಬೇಕು. ಎತ್ತರಕ್ಕೆ ಹೇರಿದ ಹುಲ್ಲಿನ ಲಾರಿ ನಡುವೆ ನಿಂತರೆ ಸಂಪರ್ಕ ತೂಗಾಡುತ್ತದೆ. ಅಗೆಯಲು ಆಗದ ಕಾಂಕ್ರೀಟ್ ಅಂಗಳಗಳಿಗೆ ಇದು ಸೂಕ್ತ.

ಎರಡು ಕಟ್ಟಡಗಳ ನಡುವೆ ಶಾಶ್ವತ ಪರಿಹಾರವೆಂದರೆ ಆಪ್ಟಿಕಲ್ ಫೈಬರ್. ಅದರಲ್ಲಿ ಹರಿಯುವುದು ಬೆಳಕು. ಮೋಟರು, ಬಿಸಿಲು, ಅರ್ಥಿಂಗ್ ಯಾವುದೂ ಅದಕ್ಕೆ ಬಾಧಕವಲ್ಲ. ಸಿಂಗಲ್ ಮೋಡ್ ಫೈಬರಿನಲ್ಲಿ ಒಂದು ಕಿಲೋಮೀಟರಿಗೆ ಆಗುವ ನಷ್ಟ ಸುಮಾರು 0.35 ಡೆಸಿಬಲ್, 124 ಮೀಟರಿಗೆ ಅದು ಲೆಕ್ಕಕ್ಕೇ ಬಾರದು. ಹಿಂದೆ ಫೈಬರ್ ಎಂದರೆ ದೂರವಾಣಿ ಇಲಾಖೆಯ ಕೆಲಸವೆಂಬ ಭಾವನೆ ಇತ್ತು. ಮನೆಮನೆಗೆ ಫೈಬರ್ ಬಂದ ಮೇಲೆ ತಾಲ್ಲೂಕು ಊರುಗಳಲ್ಲೂ ಬೆಸುಗೆ ಯಂತ್ರ ಹಿಡಿದು ಬರುವ ಕೇಬಲ್ ಕೆಲಸಗಾರರು ಸಿಗುತ್ತಾರೆ. ಎರಡೂ ತುದಿಗಳಲ್ಲಿ ಒಂದೊಂದು ಮೀಡಿಯಾ ಕನ್ವರ್ಟರ್ ಬೇಕಾಗುತ್ತದೆ. ಒಂದೇ ಎಳೆಯಲ್ಲಿ ಎರಡೂ ದಿಕ್ಕಿಗೆ ಕೆಲಸ ಮಾಡುವ ಬಗೆಯಾದರೆ ಒಂದು ‘ಎ’, ಇನ್ನೊಂದು ‘ಬಿ’ ಎಂದು ಜೋಡಿಯಾಗಿಯೇ ಕೊಳ್ಳಬೇಕು. ಒಂದು 1310 ನ್ಯಾನೋಮೀಟರಿನಲ್ಲಿ ಕಳಿಸಿದರೆ ಇನ್ನೊಂದು 1550ರಲ್ಲಿ ಕಳಿಸುತ್ತದೆ, ಎರಡು ‘ಎ’ಗಳು ಒಂದನ್ನೊಂದು ಕೇಳಲಾರವು. ನೀಲಿ ತುದಿಯ ಕನೆಕ್ಟರನ್ನು ಹಸಿರು ತುದಿಯದಕ್ಕೆ ಸೇರಿಸಬಾರದು, ಏಕೆಂದರೆ ಹಸಿರಿನ ತುದಿ ಓರೆಯಾಗಿ ಉಜ್ಜಲ್ಪಟ್ಟಿರುತ್ತದೆ. ಇನ್ನೊಂದು ಎಚ್ಚರಿಕೆ ಬಹಳ ಮುಖ್ಯ: ಹೆಗ್ಗಣಗಳ ಭಯಕ್ಕೆ ಉಕ್ಕಿನ ಕವಚವಿರುವ ಫೈಬರ್ ಕೇಬಲ್ ಆರಿಸಿದರೆ ಆ ಉಕ್ಕೇ ಸಿಡಿಲಿಗೆ ಹಾದಿಯಾಗುತ್ತದೆ. ಅಂಥಲ್ಲಿ ಕಟ್ಟಡದೊಳಗೆ ಬರುವ ಮೊದಲೇ ಉಕ್ಕನ್ನು ಕತ್ತರಿಸಿ ಹೊರಗಿನ ಅರ್ಥಿಂಗ್‌ಗೆ ಸೇರಿಸಬೇಕು, ಇಲ್ಲವೇ ಲೋಹವಿಲ್ಲದ ಕೇಬಲ್ಲನ್ನು ಗಟ್ಟಿ ಪೈಪಿನಲ್ಲಿ ಎಳೆಯಬೇಕು. ಒಂದು ಎಳೆ ಸಾಕಾದರೂ ನಾಲ್ಕು ಎಳೆಗಳ ಕೇಬಲ್ ಹಾಕಿಸುವುದು ಜಾಣತನ. ಅಗೆತದ ಕೂಲಿಯ ಮುಂದೆ ಹೆಚ್ಚಿನ ಎಳೆಗಳ ಬೆಲೆ ಸಣ್ಣದು.

ಕೆಲಸ ಒಪ್ಪಿಸುವಾಗ ಬಾಯಿಮಾತಿಗೆ ಬದಲು ಆದೇಶಪತ್ರದಲ್ಲಿ ನಾಲ್ಕು ಸಾಲು ಬರೆಯುವುದು ಒಳ್ಳೆಯದು. ಕೇಬಲ್‌ನ ದರ್ಜೆ ಮತ್ತು ತಾಮ್ರವಾದರೆ ‘ಶುದ್ಧ ತಾಮ್ರ’ ಎಂಬ ಮಾತು, ಎರಡೂ ತುದಿಗಳ ಅಚ್ಚಂಕೆ, ಹಾದುಹೋದ ದಾರಿಯ ಕೈನಕ್ಷೆ, ನಡುವೆ ಗಂಟು ಇಲ್ಲವೆಂಬ ಷರತ್ತು. ಬಿಲ್ಲು ಪಾವತಿಗೆ ಮೊದಲು ಪರೀಕ್ಷೆ ನಡೆಸಬೇಕು, ಅದೂ ಬೆಳಗಿನ ತಂಪಿನಲ್ಲಲ್ಲ. ಎಲ್ಲ ಮೋಟರುಗಳೂ ಓಡುತ್ತಿರುವಾಗ, ಮಧ್ಯಾಹ್ನ ಎರಡು ಗಂಟೆಗೆ, ದೊಡ್ಡ ಪೊಟ್ಟಣಗಳ ಇನ್ನೂರು ಪಿಂಗ್‌ಗಳೊಡನೆ. ಹೊಸ ಫೈಬರ್ ಚಾಲೂ ಆದ ಮೇಲೆ ಹಳೆಯ ತಾಮ್ರದ ಕೇಬಲ್ಲನ್ನು ‘ಇರಲಿ, ಬೇಕಾದೀತು’ ಎಂದು ಸ್ವಿಚ್‌ಗೆ ಸಿಕ್ಕಿಸಿಯೇ ಬಿಡುವ ರೂಢಿಯಿದೆ. ಹಾಗೆ ಬಿಟ್ಟರೆ ಸಿಡಿಲಿನ ದಾರಿ ತೆರೆದೇ ಇರುತ್ತದೆ, ಎರಡೂ ಮಾರ್ಗಗಳು ಒಟ್ಟಿಗೆ ಜೋಡಿಯಾದರೆ ಸಾದಾ ಸ್ವಿಚ್‌ಗಳ ಜಾಲ ತನ್ನೊಳಗೇ ಸುತ್ತು ಹೊಡೆದು ಪೂರ್ತಿ ಸ್ತಬ್ಧವಾಗುತ್ತದೆ. ಹಳೆಯದನ್ನು ಎರಡೂ ತುದಿಗಳಿಂದ ಕಳಚಿ, ಪೈಪಿನಿಂದ ಎಳೆದು ತೆಗೆದು, ಖಾಲಿಯಾದ ಪೈಪಿನಲ್ಲಿ ಮುಂದಿನ ಕೇಬಲ್‌ಗೆಂದು ಒಂದು ನೈಲಾನ್ ದಾರ ಬಿಟ್ಟಿರಬೇಕು.